ಬೆಂಡೆಕಾಯಿ ತುದಿ ಮುರಿದು ನೋಡುವುದು ಹಕ್ಕಾ, ಹಾವಳಿಯಾ?

ಸಂತೆಚೀಲ

ಸೂಪರ್‌ಮಾರ್ಕೆಟ್‌ನಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುವುದು ಸರಿಯಾ? ಕೇಳೋಕೆ ಸಣ್ಣ ವಿಷಯ. ಆದರೆ ಇದರ ಮೇಲೆ ನಮ್ಮನೆಯಲ್ಲಿ ಎರಡು ಪಾರ್ಟಿ ಆಗಿದೆ, ಅದಕ್ಕೇ ಈ ಆನ್‌ಲೈನ್ ಚರ್ಚೆಯ ಗುಂಪಿನಲ್ಲಿ ಹಾಕುತ್ತಿದ್ದೇನೆ.

ನಮ್ಮ ಬಡಾವಣೆಯ ಅಂಗಡಿಗೆ ಸಂಜೆ ಏಳರ ಮೇಲೆ ಹೋದರೆ ಬೆಂಡೆಕಾಯಿ ಕ್ರೇಟ್ ನೋಡೋಕಾಗಲ್ಲ. ಅರ್ಧಕ್ಕರ್ಧ ಮೂಗು ಹೋದವು. ಮುರಿದ ಜಾಗ ಕಪ್ಪಗಾಗಿರುತ್ತೆ. ತಳದಲ್ಲಿ ತುದಿಗಳದ್ದೇ ಒಂದು ಪದರ. ಪಕ್ಕದ ಸೋರೆಕಾಯಿಯ ಮೈತುಂಬಾ ಉಗುರಿನ ಗುರುತು. ಸಿಪ್ಪೆ ಬಿಚ್ಚಿ ನೋಡಿ ಬಿಟ್ಟುಹೋದ ಜೋಳದ ತೆನೆ. ಆಚೆ ಬಿಸ್ಕತ್ತಿನ ರ‍್ಯಾಕಿನಲ್ಲಿ ಯಾರಿಗೋ ಬೇಡವಾದ ಪನೀರ್ ಪ್ಯಾಕೆಟ್ ಬೆವರುತ್ತಾ ಕೂತಿರುತ್ತೆ.

ದುಡ್ಡು ಕೊಡುವವರು ನಾವು, ಆರಿಸುವ ಹಕ್ಕು ನಮ್ಮದು. ಒಪ್ಪಿದೆ. ಹಾಳು ಮಾಡಿ ಬಿಟ್ಟುಬರುವ ಹಕ್ಕೂ ಅದರೊಳಗೆ ಸೇರುತ್ತಾ? ಹೇಳಿ. ಬೈಯುವುದಾದರೆ ಮೆತ್ತಗೆ ಬೈಯಿರಿ.

ಒಗ್ಗರಣೆ

ಬೈಯಲ್ಲ, ಆದರೆ ಒಪ್ಪುವುದೂ ಇಲ್ಲ. ಬಲಿತ ಬೆಂಡೆಕಾಯಿ ತಂದು ಗೊಜ್ಜು ಮಾಡಿ ನೋಡಿ. ಎಷ್ಟು ಬೇಯಿಸಿದರೂ ನಾರು ನಾರೇ. ತಟ್ಟೆ ಪಕ್ಕದಲ್ಲಿ ಎಲ್ಲರೂ ಉಗಿದಿಟ್ಟಿರುತ್ತಾರೆ. ಆಮೇಲೆ ಅದು ಹೋಗುವುದು ನಮ್ಮನೆ ಕಸದ ಬುಟ್ಟಿಗೆ, ಜೊತೆಗೆ ಅದಕ್ಕೆ ಹಾಕಿದ ಎಣ್ಣೆ, ಹುಣಸೆಹುಳಿ, ಬೆಲ್ಲ, ಗ್ಯಾಸ್ ಎಲ್ಲ ದಂಡ. ಅಂಗಡಿಯಲ್ಲಿ ಬಿಟ್ಟರೆ ಅವರ ಕಸ, ಮನೆಗೆ ತಂದರೆ ನನ್ನ ಕಸ. ಹೇಗೂ ಕಸವೇ ಅಲ್ವಾ?

ಎಳೆಯದೋ ಬಲಿತದ್ದೋ ಅಂತ ಅಂಗಡಿಯವರೇ ವಿಂಗಡಿಸಿ ಇಡಲಿ. ನಾನು ಯಾಕೆ ಮುರಿಯಲಿ?

ಕೋಲಾರದ ಕಡೆಯವ

ಬೆಂಡೆ ಬೆಳೆಯುವವನಾಗಿ ಎರಡು ಮಾತು. ಹೂ ಬಿಟ್ಟ ಮೇಲೆ ಐದಾರು ದಿನಕ್ಕೆ ಕಾಯಿ ಕೊಯ್ಲಿಗೆ ಬರುತ್ತೆ. ದಿನ ಬಿಟ್ಟು ದಿನ ಬಿಡಿಸಬೇಕು. ಒಂದು ದಿನ ಆಳು ಬರಲಿಲ್ಲ ಅಂದರೆ ಮುಗೀತು, ಮಾರನೇ ದಿನಕ್ಕೆ ಕಾಯಿ ಉದ್ದ ಆಗಿ ನಾರು ಕಟ್ಟಿರುತ್ತೆ. ನಮ್ಮ ಕಡೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಹಾಕುತ್ತಿದ್ದೆವು. ಹಳದಿ ನಂಜು ರೋಗ ತಡೆಯುತ್ತೆ ಅಂತ. ಯಾವ ತಳಿ ಹಾಕಿದರೂ ಹೊತ್ತಿಗೆ ಬಿಡಿಸದಿದ್ದರೆ ಕಥೆ ಒಂದೇ.

ಒಗ್ಗರಣೆ ಅಕ್ಕ, ಅಂಗಡಿಯವರು ವಿಂಗಡಿಸಲ್ಲ ಅಂದ್ಕೋಬೇಡಿ. ನಮ್ಮ ಹತ್ರ ತಗೊಳ್ಳುವಾಗಲೇ ಒಂದು ಸಲ ಆರಿಸುತ್ತಾರೆ. ಉದ್ದ ಆದದ್ದು, ಡೊಂಕಾದದ್ದು, ಹುಳ ತಿಂದದ್ದು ಎಲ್ಲ ನಮಗೇ ವಾಪಸ್. ಅಂದರೆ ನೀವು ಕ್ರೇಟಿನಲ್ಲಿ ನೋಡುವುದು ಆಗಲೇ ಒಂದು ಪರೀಕ್ಷೆ ಪಾಸಾದ ಮಾಲು.

ಮುರಿಯದೆ ಆರಿಸೋದು ಹೇಗೆ ಅಂದರೆ, ಬೆರಳುದ್ದ ಇರಬೇಕು. ಹಸಿರು ಹೊಳೆಯಬೇಕು. ಕೈಗೆ ತಗೊಂಡರೆ ನವಿರಾಗಿ ಸ್ವಲ್ಪ ಚುಚ್ಚಬೇಕು. ಏಣು ಗಟ್ಟಿಯಾಗಿ, ಮೈ ಮಂಕಾಗಿ, ಕೈಗೆ ಹಗುರ ಅನ್ನಿಸಿದರೆ ಬಲಿತದ್ದು. ಒಳಗೆ ಬೀಜ ಉಬ್ಬಿದ್ದು ಹೊರಗಿಂದಲೇ ಗೊತ್ತಾಗುತ್ತೆ. ಇಷ್ಟಕ್ಕೆ ತುದಿ ಮುರಿಯಬೇಕಾಗಿಲ್ಲ.

ಕಾಫಿ ಬಟ್ಟಲು

ಸ್ವಲ್ಪ ತಡೀರಿ. ನನಗೊಂದು ಅನುಮಾನ. ಎಳೆ ಬೆಂಡೆಕಾಯಿ ತುದಿ ಟಕ್ ಅಂತ ಮುರಿಯುತ್ತೆ. ಬಲಿತದ್ದು ಮುರಿಯಲ್ಲ, ಬಾಗುತ್ತೆ. ಪರೀಕ್ಷೆ ಇರೋದೇ ಹಾಗೆ ತಾನೆ? ಹಾಗಿದ್ದರೆ ಕ್ರೇಟಿನಲ್ಲಿ ತುದಿ ಮುರಿದು ಉಳಿದದ್ದೆಲ್ಲ ಎಳೆಯದು! ಮುರಿಯದೆ ಉಳಿದದ್ದೇ ಬಲಿತದ್ದು. ನಾವೆಲ್ಲ ಪಾಸಾದದ್ದನ್ನು ಬಿಟ್ಟು ಫೇಲಾದದ್ದನ್ನು ಮನೆಗೆ ತರುತ್ತಿದ್ದೇವಾ?

ತರಕಾರಿ ಸೆಕ್ಷನ್

ಕಾಫಿ ಬಟ್ಟಲು ಸರ್, ನಿಮಗೊಂದು ನಮಸ್ಕಾರ. ಈ ಮಾತು ಯಾರಾದರೂ ಹೇಳಲಿ ಅಂತಲೇ ಕಾಯುತ್ತಿದ್ದೆ.

ನಾನು ಒಂದು ಸೂಪರ್‌ಮಾರ್ಕೆಟ್‌ನ ಹಣ್ಣು ತರಕಾರಿ ಸೆಕ್ಷನ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವುದು ಅಂತ ಕೇಳಬೇಡಿ. ಜನ ಹೇಗೆ ಮಾಡುತ್ತಾರೆ ಅಂದರೆ, ಬಂದ ತಕ್ಷಣ ನಾಲ್ಕೈದು ಮುರಿದು ನೋಡುತ್ತಾರೆ. ಇವತ್ತಿನ ಮಾಲು ಹೇಗಿದೆ ಅಂತ ತಿಳಿಯೋಕೆ. ಟಕ್ ಅಂತ ಮುರಿದರೆ ಖುಷಿ. ಆಮೇಲೆ ಮುರಿದದ್ದನ್ನು ಅಲ್ಲೇ ಹಾಕಿ, ಮುರಿಯದೇ ಇರುವ ಚೆಂದದವನ್ನು ಆರಿಸಿಕೊಳ್ಳುತ್ತಾರೆ. ಎಲ್ಲರೂ ಹಾಗಲ್ಲ. ಆದರೆ ದಿನಕ್ಕೆ ಹತ್ತು ಜನ ಹೀಗೆ ಮಾಡಿದರೂ ಸಂಜೆಗೆ ಕ್ರೇಟಿನ ಬಣ್ಣ ಬದಲಾಗುತ್ತೆ. ಹನ್ನೊಂದನೆಯವರು ಕಪ್ಪು ತುದಿ ನೋಡಿ ಕೊಳೆತಿದೆ ಅಂತ ಮುಟ್ಟುವುದೇ ಇಲ್ಲ.

ಬೆಳಗ್ಗೆ ಆರರ ಹೊತ್ತಿಗೆ ಕಂಪನಿಯ ಡಿಸ್ಟ್ರಿಬ್ಯೂಷನ್ ಸೆಂಟರಿನಿಂದ ಗಾಡಿ ಬರುತ್ತೆ. ಕ್ರೇಟ್ ಇಳಿಸಿ, ತೂಕ ಹಾಕಿ, ಕೆಟ್ಟದ್ದು ತೆಗೆದು, ನಿನ್ನೆ ಉಳಿದದ್ದನ್ನು ಮೇಲೆ ಹಾಕಿ, ಹೊಸದನ್ನು ಕೆಳಗೆ ಹಾಕಿ ಜೋಡಿಸುತ್ತೇವೆ. ಜನ ಮೊಣಕೈವರೆಗೂ ಕೈ ಹಾಕಿ ಕೆಳಗಿನದನ್ನೇ ತೆಗೆಯುತ್ತಾರೆ. ಮಧ್ಯಾಹ್ನ ಒಂದು ಸಲ ಆರಿಸುತ್ತೇವೆ, ರಾತ್ರಿ ಮತ್ತೊಂದು ಸಲ. ಆರಿಸಿ ತೆಗೆದದ್ದನ್ನು ಡಂಪ್ ಅಂತ ಕರೆಯುತ್ತೇವೆ. ಅದನ್ನೂ ತೂಕ ಹಾಕಿ ಸಿಸ್ಟಂಗೆ ಹಾಕಬೇಕು. ಡಂಪ್ ಜಾಸ್ತಿ ಬಂದರೆ ಮ್ಯಾನೇಜರ್ ಕೇಳೋದು ನನ್ನನ್ನು, ಮುರಿದವರನ್ನಲ್ಲ.

ಬೆಂಡೆಕಾಯಿಗಿಂತ ನನಗೆ ತಲೆನೋವು ಬಾಳೆಹಣ್ಣು. ಆರು ಹಣ್ಣಿನ ಚಿಪ್ಪು ಇಟ್ಟಿರುತ್ತೇವೆ. ಒಬ್ಬರು ನಾಲ್ಕು ಕಿತ್ಕೊಂಡು ಹೋಗುತ್ತಾರೆ. ಉಳಿದ ಎರಡು ಹಾಗೇ. ಮತ್ತೊಬ್ಬರು ಇನ್ನೊಂದು ಚಿಪ್ಪಿನಿಂದ ಐದು. ಉಳಿದ ಒಂದು ಹಾಗೇ. ರಾತ್ರಿಗೆ ತಟ್ಟೆ ತುಂಬಾ ಒಂಟಿ ಹಣ್ಣು. ಅದಕ್ಕೆ ಏನೂ ಆಗಿರಲ್ಲ. ಸಿಪ್ಪೆ ಸಮೇತ ಚೆನ್ನಾಗೇ ಇರುತ್ತೆ. ಆದರೂ ಯಾರೂ ಮುಟ್ಟಲ್ಲ.

ಸಂತೆಚೀಲ

ಒಂಟಿ ಹಣ್ಣಿನ ವಿಷಯ ಗಮನಿಸಿರಲೇ ಇಲ್ಲ. ಒಂದು ಕೇಳಲಾ? ಈ ಡಂಪ್ ಆದದ್ದು ಎಲ್ಲಿಗೆ ಹೋಗುತ್ತೆ?

ತರಕಾರಿ ಸೆಕ್ಷನ್

ನಮ್ಮಲ್ಲಿ ಹಸಿ ಕಸದ ಗಾಡಿಗೆ. ಕೆಲವು ಬ್ರ್ಯಾಂಚಿಂದ ಸೊಪ್ಪು, ಎಲೆಕೋಸಿನ ಹೊರಗಿನ ಎಲೆ ಎಲ್ಲ ದನಕ್ಕೆ ಅಂತ ತಗೊಂಡು ಹೋಗುತ್ತಾರೆ. ಮನೆಗೆ ಒಯ್ಯೋಕೆ ನಮಗೆ ಪರ್ಮಿಶನ್ ಇಲ್ಲ. ಒಯ್ಯೋಕೆ ಬಿಟ್ಟರೆ ಬೇಕಂತಲೇ ಡಂಪ್ ಮಾಡುತ್ತಾರೆ ಅಂತ ಮೇಲಿನವರ ಭಯ. ಅದೂ ಪೂರ್ತಿ ಸುಳ್ಳಲ್ಲ ಬಿಡಿ.

ಉಪ್ಪುಕಾರ

ಮಾತೆಲ್ಲ ಗಿರಾಕಿಯ ತಲೆ ಮೇಲೆ ಬರುತ್ತಿದೆ. ಸ್ವಲ್ಪ ಅಂಗಡಿ ಕಡೆಗೂ ತಿರುಗಿಸೋಣ.

ಎರಡು ದಿನ ಹಳೆಯ ಕೊತ್ತಂಬರಿ, ಇವತ್ತು ಬಂದ ಕೊತ್ತಂಬರಿ, ಎರಡಕ್ಕೂ ಒಂದೇ ರೇಟು. ನಾಳೆ ಅವಧಿ ಮುಗಿಯುವ ಬ್ರೆಡ್, ಮುಂದಿನ ವಾರ ಮುಗಿಯುವ ಬ್ರೆಡ್, ಎರಡಕ್ಕೂ ಒಂದೇ ರೇಟು. ಹೀಗಿದ್ದ ಮೇಲೆ ಹಿಂದಿನಿಂದ ತೆಗೆಯದೆ ಇನ್ನೇನು ಮಾಡಬೇಕು? ಒಂದೇ ದುಡ್ಡಿಗೆ ಯಾರಾದರೂ ಹಳೆಯದನ್ನು ಆರಿಸುತ್ತಾರಾ? ಶಿಷ್ಟಾಚಾರ ಅಂತ ಪಾಠ ಹೇಳುವ ಬದಲು ಹಳೆಯದಕ್ಕೆ ಬೆಲೆ ಇಳಿಸಲಿ. ಜನ ತಾವಾಗಿ ಮುಂದಿನದನ್ನೇ ತೆಗೆಯುತ್ತಾರೆ.

ಇನ್ನು ಆ ಒಂದು ತಗೊಂಡರೆ ಒಂದು ಫ್ರೀ. ಇಬ್ಬರೇ ಇರುವ ಮನೆಗೆ ಎರಡು ಕಿಲೋ ಮೊಸರು ಹೊರಿಸಿ ಕಳಿಸುವುದು. ಅವರ ಗೋಡೌನಿನ ತಲೆನೋವು ನಮ್ಮ ಫ್ರಿಡ್ಜಿಗೆ ಬಂತು ಅಷ್ಟೇ.

ಯೊಕೊಹಾಮ

ಹಾಲು, ಬ್ರೆಡ್ ಹಿಂದಿನಿಂದ ತೆಗೆಯುವ ಅಭ್ಯಾಸ ಜಪಾನಿನಲ್ಲೂ ಇದೆ. ಇಲ್ಲಿನವರು ತುಂಬಾ ಶಿಸ್ತು ಅಂತ ನಮ್ಮ ಊರಲ್ಲಿ ಅಂದ್ಕೊಂಡಿರುತ್ತಾರೆ. ಹಾಲಿನ ಮುಂದೆ ನಿಂತರೆ ಎಲ್ಲರೂ ಒಂದೇ. ಕೈ ಉದ್ದ ಮಾಡಿ ಹಿಂದಿನ ಸಾಲಿಗೇ ಹಾಕುತ್ತಾರೆ.

ಇದಕ್ಕೆ 2021ರಲ್ಲಿ ಇಲ್ಲಿನ ಸರ್ಕಾರ ಮತ್ತು ಕೊಂಬಿನಿ ಅನ್ನುವ ಸಣ್ಣ ಚೈನ್ ಅಂಗಡಿಗಳವರು ಸೇರಿ ಒಂದು ಪ್ರಚಾರ ಶುರು ಮಾಡಿದರು. ತೆಮಾಎದೋರಿ ಅಂತ. ಮುಂದಿರುವುದನ್ನೇ ತಗೊಳ್ಳಿ ಅನ್ನುವುದು ಅದರ ತಿರುಳು. ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿ ಮಾರ್ಟ್, ಮಿನಿಸ್ಟಾಪ್ ನಾಲ್ಕೂ ಕಡೆ ರ‍್ಯಾಕಿನ ಅಂಚಿಗೆ ಸಣ್ಣ ಚೀಟಿ ಅಂಟಿಸಿದರು. ಅದರಲ್ಲಿ ಬೈಗುಳ ಇಲ್ಲ, ದಂಡ ಇಲ್ಲ. ತಕ್ಷಣ ತಿನ್ನುವುದಾದರೆ ಮುಂದಿನದನ್ನು ತಗೊಳ್ಳಿ, ಅಷ್ಟೇ ಇರೋದು.

ನನಗೆ ಇಷ್ಟ ಆಗಿದ್ದು ಆ ತಕ್ಷಣ ತಿನ್ನುವುದಾದರೆ ಅನ್ನುವ ಷರತ್ತು. ಮಧ್ಯಾಹ್ನ ಊಟಕ್ಕೆ ಅಂತ ತಗೊಳ್ಳುವ ಅನ್ನದ ಉಂಡೆಗೆ ನಾಳೆವರೆಗೆ ಬಾಳಿಕೆ ಯಾಕೆ ಬೇಕು? ಆದರೆ ಉಪ್ಪುಕಾರ ಸರ್ ಹೇಳಿದ್ದೂ ನಿಜ. ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಸಂಜೆ ಹೊತ್ತಿಗೆ ರೆಡಿ ಊಟ, ಮೀನಿನ ಮೇಲೆ ಬೆಲೆ ಇಳಿಸಿದ ಸ್ಟಿಕ್ಕರ್ ಬೀಳುತ್ತೆ. ಅರ್ಧ ಬೆಲೆಗೆ ಬಂದರೆ ಜನ ಅಲ್ಲೇ ಸುಳಿದಾಡುತ್ತಿರುತ್ತಾರೆ. ಬೆಲೆ ಇಳಿಸಿದ ಕಡೆ ಶಿಷ್ಟಾಚಾರದ ಬೋರ್ಡು ಬೇಕಾಗಲ್ಲ.

ಎರಡನೇ ಮಹಡಿ

ನಮ್ಮ ಅಪಾರ್ಟ್‌ಮೆಂಟಿನ ಗೊಬ್ಬರದ ಗುಂಡಿ ನೋಡಿಕೊಳ್ಳುವ ಟೀಮಿನಲ್ಲಿ ನಾನೂ ಇದ್ದೇನೆ. ಹಾಗಾಗಿ ಎಲ್ಲರ ಹಸಿ ಕಸದ ದರ್ಶನ ಆಗುತ್ತೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಆಹಾರ ವ್ಯರ್ಥದ ವರದಿ ಬಿಡುಗಡೆ ಮಾಡಿತು. 2022ರ ಲೆಕ್ಕ. ಜಗತ್ತಿನಲ್ಲಿ ಒಂದು ವರ್ಷಕ್ಕೆ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಅಂಗಡಿಗಳ ಪಾಲು 13.1 ಕೋಟಿ ಟನ್, ಹೋಟೆಲು ಕ್ಯಾಂಟೀನುಗಳದ್ದು 29 ಕೋಟಿ. ಮನೆಗಳದ್ದು 63.1 ಕೋಟಿ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಅಂತ ಅಂದಾಜು. ಇದರಲ್ಲಿ ಸಿಪ್ಪೆ, ಬೀಜ, ಮೂಳೆ ಎಲ್ಲ ಸೇರಿದೆ, ಎಲ್ಲವೂ ತಿನ್ನುವಂಥದ್ದಲ್ಲ. ಆದರೂ ಅಂಗಡಿಗಿಂತ ಮನೆಯ ಪಾಲು ಎಷ್ಟೋ ದೊಡ್ಡದು.

ಅದಕ್ಕೇ ಹಿಂದಿನ ಸಾಲಿನ ಹಾಲು ನೋಡಿದರೆ ನನಗೆ ನಗು ಬರುತ್ತೆ. ನಾಲ್ಕು ದಿನ ಹೆಚ್ಚು ಬಾಳುವ ಬ್ರೆಡ್ಡನ್ನೇ ಹುಡುಕಿ ತರುತ್ತಾರೆ. ಆ ನಾಲ್ಕು ದಿನವೂ ಅದು ಫ್ರಿಡ್ಜಿನ ಮೇಲೇ ಇರುತ್ತೆ. ಆಮೇಲೆ ಕವರ್ ಸಮೇತ ನಮ್ಮ ಡ್ರಮ್ಮಿಗೆ. ಹಸಿ ಕಸದಲ್ಲಿ ಪ್ಲಾಸ್ಟಿಕ್ ಕವರ್! ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡಬೇಕು, ಇಲ್ಲಿ ಬೇಡ. ಭಾನುವಾರದ ಆಫರ್ ಬುಧವಾರ ನಮ್ಮ ಡ್ರಮ್ಮಿನಲ್ಲಿ ಸಿಗುತ್ತೆ.

ಒಗ್ಗರಣೆ

ಎರಡನೇ ಮಹಡಿ ಅವರೇ, ನಾನು ಹೇಳಿದ್ದೂ ಅದೇ. ಮನೆಯಲ್ಲೇ ಜಾಸ್ತಿ ವೇಸ್ಟ್ ಆಗುವುದಾದರೆ ಅಂಗಡಿಯಲ್ಲೇ ನೋಡಿ ತರಬೇಕು ತಾನೆ? ಆರಿಸಬೇಡಿ ಅಂತ ನೀವೆಲ್ಲ ಹೇಳಿದಷ್ಟೂ ಮನೆಗೆ ಕೆಟ್ಟದ್ದು ಬರುತ್ತೆ.

ಎರಡನೇ ಮಹಡಿ

ಆರಿಸಬೇಡಿ ಅಂದವರು ಯಾರೂ ಇಲ್ಲ ಮೇಡಂ. ಕಣ್ಣಿನಿಂದ ಆರಿಸಿ, ಮೂಗಿನಿಂದ ಆರಿಸಿ. ಹೆಬ್ಬೆಟ್ಟಿಗೆ ಮಾತ್ರ ರಜೆ ಕೊಡಿ. ಬಾದಾಮಿ ಮಾವಿನಹಣ್ಣು ತೊಟ್ಟಿನ ಹತ್ತಿರ ಮೂಸಿದರೆ ಗೊತ್ತಾಗುತ್ತೆ. ಒತ್ತಿದರೆ ಅವತ್ತು ಏನೂ ಕಾಣಲ್ಲ, ಮಾರನೇ ದಿನ ಹೆಬ್ಬೆಟ್ಟಿನ ಅಗಲಕ್ಕೆ ಕಪ್ಪು ಕಲೆ. ಒತ್ತಿದವರು ಅಷ್ಟೊತ್ತಿಗೆ ಬೇರೆ ಹಣ್ಣು ತಿಂದು ಕೈ ತೊಳೆದಿರುತ್ತಾರೆ.

ಟ್ಯೂರಿನ್

ಇಟಲಿಯಿಂದ ಒಂದು ವರದಿ. ಇಲ್ಲಿ ತರಕಾರಿ ಮುಟ್ಟುವ ಮೊದಲು ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಳ್ಳಬೇಕು. ರ‍್ಯಾಕಿನ ಪಕ್ಕದಲ್ಲೇ ಇಟ್ಟಿರುತ್ತಾರೆ. ಹೊಸದಾಗಿ ಬಂದಾಗ ನಾನು ಬರಿಗೈಯಲ್ಲಿ ಟೊಮೆಟೊ ಹಿಡಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನೋಡಿದ ನೋಟಕ್ಕೆ ಟೊಮೆಟೊ ಕೈಯಿಂದ ಜಾರಿತು. ಆಮೇಲೆ ನಾವೇ ತೂಕಕ್ಕಿಟ್ಟು, ಆ ತರಕಾರಿಯ ನಂಬರ್ ಒತ್ತಿ, ಬಂದ ಚೀಟಿ ಅಂಟಿಸಿಕೊಂಡು ಹೋಗಬೇಕು.

ಗ್ಲೌಸ್ ಹಾಕಿದ ಕೈಗೆ ಒತ್ತಿ ನೋಡುವ ಉಮೇದು ಅರ್ಧ ಕಮ್ಮಿ ಆಗುತ್ತೆ, ಇದು ನನ್ನ ಅನುಭವ. ಆದರೆ ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಗ್ಲೌಸ್, ಪ್ರತಿ ತರಕಾರಿಗೂ ಒಂದು ಕವರ್. ಒಂದು ಕಸ ತಪ್ಪಿಸಲು ಇನ್ನೊಂದು ಕಸ. ನಮ್ಮೂರಿಗೆ ಬೇಡ.

ಮಾರಾಯ್ರೆ

ಮಂಗಳೂರಿನಿಂದ. ನಮ್ಮ ಸೆಂಟ್ರಲ್ ಮಾರ್ಕೆಟ್ ಕಡೆ ಬಂದು ಬೆಂಡೆ ತುದಿ ಮುರಿದು ನೋಡಿ ಮಾರಾಯ್ರೆ, ಅಂಗಡಿಯವ ನಿಮ್ಮ ಕೈಯಿಂದಲೇ ಕಸಿದುಕೊಳ್ಳುತ್ತಾನೆ. ಇಲ್ಲವೇ ಮುರಿದದ್ದೆಲ್ಲ ನಿಮ್ಮ ಚೀಲಕ್ಕೇ ಹಾಕಿ ತೂಗುತ್ತಾನೆ.

ನನಗೆ ಕಾಣುವುದು ಇಷ್ಟೇ. ಈ ಮುರಿಯುವ, ಒತ್ತುವ, ಚುಚ್ಚುವ ಅಭ್ಯಾಸ ಸಂತೆಯಿಂದ ಬಂದದ್ದು. ಸಂತೆಯಲ್ಲಿ ಅದಕ್ಕೆ ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ. ನೀವು ಒಂದು ಮುರಿದರೆ ಬೈಯುತ್ತಿದ್ದ, ಎರಡನೆಯದು ಮುರಿಯಲು ಬಿಡುತ್ತಿರಲಿಲ್ಲ. ಅವನ ಬೈಗುಳವೇ ಬೇಲಿ. ಸೂಪರ್‌ಮಾರ್ಕೆಟ್‌ನಲ್ಲಿ ಅಭ್ಯಾಸ ಹಾಗೇ ಉಳಿಯಿತು, ಬೇಲಿ ಹೋಯಿತು. ಅಲ್ಲಿನ ಹುಡುಗರಿಗೆ ಗಿರಾಕಿಗೆ ಎದುರು ಮಾತಾಡುವ ಹಾಗಿಲ್ಲ.

ಇನ್ನೊಂದು. ಉಪ್ಪುಕಾರರು ಹೇಳಿದ ಬೆಲೆ ಇಳಿಸುವ ವ್ಯವಸ್ಥೆ ಜಪಾನಿನಿಂದ ತರಬೇಕಾಗಿಲ್ಲ. ಸಂಜೆಯಾದ ಮೇಲೆ ಯಾವುದೇ ತಳ್ಳುಗಾಡಿಯ ಹತ್ತಿರ ಹೋಗಿ. ಬೆಳಗ್ಗೆ ಕಿಲೋ ಲೆಕ್ಕದಲ್ಲಿ ಇದ್ದ ಟೊಮೆಟೊ ಈಗ ಗುಡ್ಡೆ ಲೆಕ್ಕ. ಮೆತ್ತಗಾದದ್ದು ಒಂದು ಗುಡ್ಡೆ, ಸ್ವಲ್ಪ ಗಟ್ಟಿ ಇದ್ದದ್ದು ಇನ್ನೊಂದು ಗುಡ್ಡೆ. ರಾತ್ರಿ ಸಾರಿಗೆ ಬೇಕಾದವರು ಮೆತ್ತಗಿನದನ್ನು ಒಯ್ಯುತ್ತಾರೆ. ಅವನ ಗಾಡಿ ಖಾಲಿ, ಇವರ ಸಾರು ರೆಡಿ. ಹತ್ತು ರೂಪಾಯಿಗೆ ಮುಗಿಯುವ ಕೆಲಸಕ್ಕೆ ದೊಡ್ಡ ಅಂಗಡಿಯವರಿಗೆ ಎಷ್ಟು ಮೀಟಿಂಗ್ ಬೇಕೋ.

ಉಪ್ಪುಕಾರ

ಗುಡ್ಡೆ ಅಂದಿರಲ್ಲ, ಇಡೀ ಚರ್ಚೆಯಲ್ಲಿ ಇದೇ ಸರಿಯಾದ ಮಾತು. ಚರ್ಚೆ ಮುಚ್ಚಬಹುದು.

ಕೋಲಾರದ ಕಡೆಯವ

ಮುಚ್ಚಬೇಡಿ, ನಂದೊಂದಿದೆ. 2023ರ ಜುಲೈ ನೆನಪಿದೆಯಾ? ಟೊಮೆಟೊ ಕಿಲೋ 100 ದಾಟಿತ್ತು. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರವನ್ನೂ ದಾಟಿತು. ಆಗ ಬೆಂಗಳೂರಲ್ಲಿ ಯಾರೂ ಟೊಮೆಟೊ ಒತ್ತಿ ನೋಡಿ ಬಿಸಾಕಲಿಲ್ಲ. ಒಡೆದದ್ದನ್ನೂ ಚೀಲಕ್ಕೆ ಹಾಕಿಕೊಂಡರು. ಅದೇ ರೇಟು ಬಿದ್ದಾಗ ನಾವೇ ರಸ್ತೆ ಬದಿ ಸುರಿದು ಬಂದಿದ್ದೇವೆ. ಬಿಡಿಸುವ ಕೂಲಿ, ಬಾಡಿಗೆ ಕೂಡ ಹುಟ್ಟಲ್ಲ.

ನೀವು ಅಂಗಡಿ, ಮನೆ ಅಂತ ಎರಡೇ ಹೇಳುತ್ತಿದ್ದೀರಿ. ಅದಕ್ಕೂ ಮೊದಲು ತೋಟ, ಮಂಡಿ, ಲಾರಿ ಇದೆ. 2022ರಲ್ಲಿ ಕೃಷಿ ಬ್ಯಾಂಕ್ ನಬಾರ್ಡಿನ ಸಲಹಾ ಸಂಸ್ಥೆ ನ್ಯಾಬ್‌ಕಾನ್ಸ್‌ನವರು ಮಾಡಿದ ಸಮೀಕ್ಷೆ ಪ್ರಕಾರ ಕೊಯ್ಲಿನಲ್ಲಿ ಮತ್ತು ಕೊಯ್ಲಿನ ನಂತರ ತರಕಾರಿಯಲ್ಲಿ ಸುಮಾರು ಶೇ 5ರಿಂದ 12, ಹಣ್ಣಿನಲ್ಲಿ ಶೇ 6ರಿಂದ 15ರಷ್ಟು ನಷ್ಟ ಆಗುತ್ತೆ. ಇಷ್ಟೆಲ್ಲ ದಾಟಿ ನಿಮ್ಮ ಕ್ರೇಟಿಗೆ ಬಂದ ಕಾಯಿ ಅದು. ಕೊನೇ ಮೆಟ್ಟಿಲಲ್ಲಿ ಸುಮ್ನೆ ತುದಿ ಮುರಿದು ಎಸೆಯುತ್ತಾರೆ ಅಂದರೆ ಹೊಟ್ಟೆ ಉರಿಯುತ್ತೆ.

ಬಿಳಿ ಕೋಟು

ಆಹಾರ ತಂತ್ರಜ್ಞಾನ ಓದಿದವಳು. ಬೆಂಡೆಕಾಯಿಗಿಂತ ನನಗೆ ಆ ಬಿಸ್ಕತ್ತಿನ ರ‍್ಯಾಕಿನ ಪನೀರ್ ಮುಖ್ಯ ಅನಿಸಿತು. ಅದರ ಬಗ್ಗೆ ಯಾರೂ ಮಾತಾಡಿಲ್ಲ.

ತುದಿ ಮುರಿದ ಬೆಂಡೆಕಾಯಿಯಿಂದ ಯಾರಿಗೂ ಹೊಟ್ಟೆ ಕೆಡಲ್ಲ. ಕಪ್ಪು ಬಣ್ಣ ಗಾಯಕ್ಕೆ ಗಾಳಿ ತಾಗಿದ್ದರಿಂದ ಬಂದದ್ದು. ಕಾಲಿಂಚು ಕತ್ತರಿಸಿ ಹಾಕಿದರೆ ಆಯಿತು. ಹೇಗಿದ್ದರೂ ಅಡುಗೆಗೆ ತುದಿ ಕತ್ತರಿಸುತ್ತೇವೆ!

ಆದರೆ ಪನೀರ್, ಕೋಳಿ, ಹಾಲು, ಐಸ್‌ಕ್ರೀಮ್ ಬೇರೆ. ಫ್ರಿಡ್ಜಿನಲ್ಲಿ ಇಡುವ ಪದಾರ್ಥ 5 ಡಿಗ್ರಿ ಒಳಗೆ ಇರಬೇಕು, ಫ್ರೋಜನ್ ಮೈನಸ್ 18ರಲ್ಲಿ. ಬಿಲ್ಲಿಂಗ್ ಕ್ಯೂನಲ್ಲಿ ನಿಂತಾಗ ಮನಸ್ಸು ಬದಲಾಯಿತು ಅಂತ ಪಕ್ಕದ ಚಾಕೊಲೇಟ್ ಸ್ಟ್ಯಾಂಡಿನಲ್ಲಿ ಪನೀರ್ ಇಟ್ಟು ಹೋಗುತ್ತಾರೆ. ಅಂಗಡಿ ಹುಡುಗನ ಕಣ್ಣಿಗೆ ಬೀಳುವಾಗ ಅದು ಹತ್ತು ನಿಮಿಷದಿಂದ ಅಲ್ಲಿದೆಯೋ ಮೂರು ಗಂಟೆಯಿಂದಲೋ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಮತ್ತೆ ಫ್ರಿಡ್ಜಿಗೆ ಇಟ್ಟು ಮಾರುವ ಹಾಗಿಲ್ಲ, ಇಡಲೂಬಾರದು. ಎಸೆಯಬೇಕು. ಪ್ಯಾಕೆಟ್ ಸೀಲ್ ಆಗಿದೆ, ಡೇಟ್ ಇದೆ, ನೋಡೋಕೆ ಹೊಸದು. ಆದರೂ ಕಸ.

ಬೇಡವಾದರೆ ಬಿಲ್ಲಿಂಗ್‌ನಲ್ಲಿ ಕೂತವರ ಕೈಗೆ ಕೊಟ್ಟು, ಇದು ಫ್ರಿಡ್ಜಿನದು ಅನ್ನಿ. ಒಂದೇ ಮಾತು. ನಾಚಿಕೆ ಪಡುವಂಥದ್ದು ಏನಿದೆ ಅದರಲ್ಲಿ?

ಕಾಫಿ ಬಟ್ಟಲು

ಮೇಡಂ, ಡೇಟ್ ವಿಷಯಕ್ಕೆ ಬಂದಿರಿ ಅಂತ ಕೇಳುತ್ತೇನೆ. ಬೆಸ್ಟ್ ಬಿಫೋರ್ ದಾಟಿದ ಬಿಸ್ಕತ್ತನ್ನು ನಮ್ಮ ಮನೆಯಲ್ಲಿ ಎಸೆಯುತ್ತಾರೆ. ತಿನ್ನಬಹುದಲ್ವಾ?

ಬಿಳಿ ಕೋಟು

ಬೆಸ್ಟ್ ಬಿಫೋರ್ ಅನ್ನುವುದು ರುಚಿ, ಗರಿಗರಿತನ ಅಲ್ಲಿವರೆಗೆ ಚೆನ್ನಾಗಿರುತ್ತೆ ಅನ್ನುವ ಭರವಸೆ. ಒಣ ಪದಾರ್ಥದಲ್ಲಿ ಅದು ದಾಟಿದ ತಕ್ಷಣ ವಿಷ ಆಗಲ್ಲ. ಯೂಸ್ ಬೈ, ಎಕ್ಸ್‌ಪೈರಿ ಅಂತ ಇದ್ದರೆ ಆಟ ಆಡಬೇಡಿ. ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ಲೇಬಲ್ ನಿಯಮದಲ್ಲಿ ಎಕ್ಸ್‌ಪೈರಿ ಅಥವಾ ಯೂಸ್ ಬೈ ಕಡ್ಡಾಯ ಮಾಡಿದೆ. ಬೆಸ್ಟ್ ಬಿಫೋರ್ ಬೇಕಿದ್ದರೆ ಜೊತೆಗೆ ಹಾಕಬಹುದು. ಹಾಗಾಗಿ ಪ್ಯಾಕೆಟ್ ತಿರುಗಿಸಿ ಯಾವ ಡೇಟ್ ಅಂತ ಮೊದಲು ಓದಿ.

ಪ್ಯಾಕೆಟ್ ಹಾಲಿನ ಬಗ್ಗೆಯೂ ಒಂದು ಮಾತು. ಮಾಮೂಲಿ ಪಾಶ್ಚರೀಕರಿಸಿದ ಹಾಲಿಗೆ ಫ್ರಿಡ್ಜಿನಲ್ಲೇ ಒಂದೆರಡು ದಿನದ ಆಯಸ್ಸು. ಅಂಗಡಿಗೆ ಬರುವುದು ದಿನಾ ಬೆಳಗ್ಗೆ. ಹೆಚ್ಚಿನ ದಿನ ಮುಂದಿನ ಪ್ಯಾಕೆಟ್ಟಿಗೂ ಹಿಂದಿನದಕ್ಕೂ ಒಂದೇ ಡೇಟು ಇರುತ್ತೆ. ಸುಮ್ನೆ ಕ್ರೇಟ್ ಕೆದಕಿದರೆ ಒಂದು ಪ್ಯಾಕೆಟ್ ಸೋರುತ್ತೆ, ಅದರಿಂದ ಪಕ್ಕದ್ದೆಲ್ಲ ಅಂಟು. ತಿಂಗಳುಗಟ್ಟಲೆ ಇಡುವ ಹಾಲು ಬೇಕಿದ್ದರೆ ನಂದಿನಿಯ ಗುಡ್‌ಲೈಫ್ ತರಹದ್ದು ಫ್ರಿಡ್ಜಿನ ಹೊರಗೇ ಸಿಗುತ್ತೆ.

ಕೈಚೀಲ ಮರೆತವ

ನಾನು ಈ ಎಲ್ಲ ರಗಳೆ ಬೇಡ ಅಂತ ಹತ್ತು ನಿಮಿಷದ ಆ್ಯಪಿಗೆ ಹೋದೆ. ಅಲ್ಲಿ ಯಾರೂ ಒತ್ತಲ್ಲ, ಮುರಿಯಲ್ಲ. ವೇಸ್ಟ್ ಕಮ್ಮಿ ಆಗುತ್ತೆ ಅಲ್ವಾ?

ತರಕಾರಿ ಸೆಕ್ಷನ್

ಸರ್, ಬೇರೆ ಥರ ಆಗುತ್ತೆ. ನನ್ನ ಫ್ರೆಂಡ್ ಅಂಥ ಒಂದು ಆ್ಯಪಿನ ಡಾರ್ಕ್ ಸ್ಟೋರಿನಲ್ಲಿ, ಅಂದರೆ ಗಿರಾಕಿ ಬರದ ಗೋಡೌನಿನಲ್ಲಿ, ಆರ್ಡರಿಗೆ ಮಾಲು ಆರಿಸುವ ಕೆಲಸ ಮಾಡುತ್ತಾನೆ. ಗಿರಾಕಿ ಟೊಮೆಟೊ ಮೇಲೆ ಒಂದು ಕಲೆ ಇದೆ ಅಂತ ಫೋಟೊ ಕಳಿಸುತ್ತಾರೆ, ದುಡ್ಡು ವಾಪಸ್. ಟೊಮೆಟೊ ವಾಪಸ್ ತಗೊಳ್ಳೋಕೆ ಯಾರೂ ಹೋಗಲ್ಲ. ದುಡ್ಡು ಬಂದ ಮೇಲೆ ಆ ಟೊಮೆಟೊ ತಿಂದರೋ ಎಸೆದರೋ ಅವರಿಗೇ ಗೊತ್ತು. ಕಲೆ ಬಂದ ಟೊಮೆಟೊಗೆ ಬೈಸಿಕೊಳ್ಳುವ ಭಯಕ್ಕೆ ಅವನು ಇನ್ನೂ ಬಿಗಿಯಾಗಿ ಆರಿಸುತ್ತಾನೆ. ಅಂಗಡಿಯಲ್ಲಾದರೆ ಮೆತ್ತಗಿನ ಟೊಮೆಟೊ ಸಾರಿಗೆ ಅಂತ ಒಯ್ಯುವ ಅಜ್ಜಿಯರು ಬರುತ್ತಾರೆ. ಆ್ಯಪಿನಲ್ಲಿ ಅಂಥ ಅಜ್ಜಿ ಇಲ್ಲ.

ಬಿಳಿ ಕೋಟು

ಪ್ಯಾಕೆಟ್ ಪದಾರ್ಥಕ್ಕೆ ಆ್ಯಪಿನವರಿಗೂ ಒಂದು ಸೂಚನೆ ಬಂದಿದೆ. ಮನೆಗೆ ತಲುಪುವಾಗ ಶೇ 30ರಷ್ಟು ಆಯಸ್ಸು ಅಥವಾ ಎಕ್ಸ್‌ಪೈರಿಗೆ 45 ದಿನ ಉಳಿದಿರಬೇಕು ಅಂತ 2024ರ ನವೆಂಬರಿನಲ್ಲಿ ಎಫ್‌ಎಸ್‌ಎಸ್‌ಎಐ ಹೇಳಿತು. ಗಿರಾಕಿಗೆ ಒಳ್ಳೆಯದು. ಆದರೆ ಆಯಸ್ಸು ಕಮ್ಮಿ ಉಳಿದ ಮಾಲು ಎಲ್ಲಿಗೆ ಹೋಗಬೇಕು ಅನ್ನುವುದು ಅಲ್ಲಿಗೇ ನಿಂತಿತು.

ಸಂತೆಚೀಲ

ದಾನ ಕೊಡಬಹುದಲ್ಲ? ಫ್ರಾನ್ಸಿನಲ್ಲಿ ಕಾನೂನೇ ಇದೆ ಅಂತ ಓದಿದ ನೆನಪು.

ಬಿಳಿ ಕೋಟು

ಇದೆ. 2016ರ ಕಾನೂನು. 400 ಚದರ ಮೀಟರಿಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ದಾನ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕು. ತಿನ್ನಬಹುದಾದ ಆಹಾರವನ್ನು ಬೇಕಂತಲೇ ಹಾಳುಮಾಡುವ ಹಾಗಿಲ್ಲ. ಅಲ್ಲಿ ಕೆಲವರು ಎಸೆದ ಆಹಾರದ ಮೇಲೆ ಬ್ಲೀಚ್ ಸುರಿಯುತ್ತಿದ್ದರು, ಯಾರೂ ಎತ್ತಿಕೊಂಡು ಹೋಗದಿರಲಿ ಅಂತ.

ನಮ್ಮಲ್ಲೂ 2019ರಲ್ಲಿ ಹೆಚ್ಚುವರಿ ಆಹಾರ ಹಂಚುವ ಬಗ್ಗೆ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿತು. 2020ರ ಜುಲೈಯಿಂದ ಜಾರಿ. ಹೇಗೆ ಕೊಡಬೇಕು, ಹೇಗೆ ಇಡಬೇಕು, ಲೆಕ್ಕ ಹೇಗೆ ಬರೆಯಬೇಕು ಎಲ್ಲ ಇದೆ. ಅವಧಿ ಮುಗಿದದ್ದನ್ನು ಕೊಡುವಂತಿಲ್ಲ. ಆದರೆ ಕೊಡಲೇಬೇಕು ಅಂತ ಇಲ್ಲ. ಕೊಡುವುದಾದರೆ ಹೀಗೆ ಕೊಡಿ ಅಂತ ಅಷ್ಟೇ.

ಒಗ್ಗರಣೆ

ದಾನದ ಮಾತು ದೊಡ್ಡವರಿಗೆ ಬಿಡೋಣ. ನನಗೆ ತರಕಾರಿ ಸೆಕ್ಷನ್ ತಮ್ಮನ ಹತ್ತಿರ ನೇರವಾಗಿ ಒಂದು ಪ್ರಶ್ನೆ. ಆ ಒಂಟಿ ಬಾಳೆಹಣ್ಣೆಲ್ಲ ಒಂದು ಬುಟ್ಟಿಗೆ ಹಾಕಿ, ರೇಟ್ ಇಳಿಸಿ ಬಾಗಿಲ ಹತ್ತಿರ ಇಟ್ಟರೆ ಏನಾಗುತ್ತೆ? ಸ್ಕೂಲ್ ಬಿಟ್ಟು ಬರುವ ಮಕ್ಕಳಿಗೆ ಒಂದೊಂದು ಕೊಡಿಸಬಹುದು. ರಸಾಯನಕ್ಕೆ ನಾನೇ ಎಂಟು ಹತ್ತು ತಗೊಳ್ಳುತ್ತೇನೆ. ರಸಾಯನಕ್ಕೆ ಚಿಪ್ಪು ಯಾಕೆ ಬೇಕು? ನಾಳೆ ಬರುವಂತಿದ್ದರೆ ಇವತ್ತೇ ಹೇಳಿ.

ತರಕಾರಿ ಸೆಕ್ಷನ್

ಬುಟ್ಟಿ ಇಡಬಹುದು ಅಕ್ಕಾ, ಇಟ್ಟು ನೋಡಿದ್ದೇನೆ. ಬುಟ್ಟಿ ಇಟ್ಟ ದಿನ ಸ್ವಲ್ಪ ಹೋಗುತ್ತೆ. ರೇಟ್ ಇಳಿಸುವುದು ಮಾತ್ರ ನನ್ನ ಕೈಲಿಲ್ಲ. ನಮ್ಮಲ್ಲಿ ರೇಟ್ ಹೆಡ್ ಆಫೀಸಿನಿಂದ ಸಿಸ್ಟಂಗೆ ಬರುತ್ತೆ. ತಕ್ಕಡಿಯಲ್ಲಿ ಬಾಳೆಹಣ್ಣು ಅಂತ ಒತ್ತಿದರೆ ಚಿಪ್ಪಿಗೂ ಅದೇ ರೇಟು, ಒಂಟಿಗೂ ಅದೇ ರೇಟು. ಒಂಟಿ ಹಣ್ಣಿಗೆ ಬೇರೆ ಕೋಡ್ ಮಾಡಿಕೊಡಿ ಅಂತ ನಾವು ಕೇಳಿದರೆ ನೋಡೋಣ ಅಂತಾರೆ.

ನೀವು ಕೇಳಿ. ಬಿಲ್ಲಿನ ಕೆಳಗೆ ಫೀಡ್‌ಬ್ಯಾಕ್ ನಂಬರ್ ಇರುತ್ತೆ, ಅದಕ್ಕೆ ಬರೆದರೆ ಮೇಲಿನವರಿಗೆ ಹೋಗುತ್ತೆ. ಬ್ರ್ಯಾಂಚ್ ಹೆಸರು ಹಾಕಿ, ಹುಡುಗನ ಹೆಸರು ಮಾತ್ರ ಹಾಕಬೇಡಿ. ನಾಳೆ ನನಗೆ ಮಧ್ಯಾಹ್ನದ ಶಿಫ್ಟ್. ಆರು ಗಂಟೆ ಮೇಲೆ ಬನ್ನಿ, ಒಂಟಿ ಹಣ್ಣು ಎತ್ತಿಟ್ಟಿರುತ್ತೇನೆ. ರೇಟು ಫುಲ್ಲೇ ಬೀಳುತ್ತೆ, ಮೊದಲೇ ಹೇಳಿದ್ದೇನೆ.

ಒಗ್ಗರಣೆ

ಫುಲ್ ರೇಟಿಗೆ ನಾಲ್ಕು ತಗೊಳ್ಳುತ್ತೇನೆ. ಹತ್ತು ಬೇಕಾದರೆ ಕೋಡ್ ಬರಲಿ.